ಹಸುಳೆಗಳ ಎಲುಬು ಮತ್ತು ಬಿಸಿಲು

(ಶ್ರೀಮಠದ ಸುವರ್ಣ ಮಹೋತ್ಸವದ ಕಾಲದಲ್ಲಿ ಜರುಗಿದ ಆರೋಗ್ಯ ಗೋಷ್ಠಿಯಲ್ಲಿ ಒಬ್ಬ ಶಿಶುವೈದ್ಯರು ಮಾಡಿದ ಭಾಷಣ)

ಈ ಮಹೋತ್ಸವದಲ್ಲಿ ಘನ ಪಂಡಿತರ ಉಪನ್ಯಾಸಗಳು ಅನೇಕವಿವೆ. ಅವುಗಳ ನಡುವೆ ವೈದ್ಯನೊಬ್ಬನಿಗೆ ಅರ್ಧ ತಾಸು ದೊರೆತದ್ದು ಶ್ರೀಗಳವರ ಕೃಪೆಯೇ ಸರಿ. ಶಾಸ್ತ್ರವಿಚಾರವನ್ನು ಹೇಳುವ ಅಧಿಕಾರ ನನಗಿಲ್ಲ. ನಾನು ಹೇಳಬೇಕೆಂದು ಬಂದಿರುವದು ಅತ್ಯಂತ ಸಣ್ಣ ವಸ್ತುವೊಂದನ್ನು ಕುರಿತದ್ದು. ಅದು ಒಂದು ಕೂಸಿಗೆ ದಿನವೊಂದಕ್ಕೆ ಬೇಕಾಗುವದು ಒಂದು ಗ್ರಾಮಿನ ಲಕ್ಷದಲ್ಲೊಂದು ಪಾಲಿನಷ್ಟು ಮಾತ್ರ. ಅಷ್ಟು ದೊರೆಯದೆ ಹೋದರೆ ಎಲುಬು ಬಾಗುವದು, ನಡಿಗೆ ತಡವಾಗುವದು, ಒಮ್ಮೊಮ್ಮೆ ಪ್ರಾಣಕ್ಕೂ ಎರವಾಗುವದು. ಅದಕ್ಕೆ ‘ಡಿ’ ಜೀವಸತ್ವವೆಂದು ಹೆಸರು.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡು ಮುಂದಿನ ಮಾತಿಗೆ ಹೋಗುವೆನು. ಅನೇಕ ವರ್ಷಗಳ ಹಿಂದೆ, ನಾನು ವೈದ್ಯವೃತ್ತಿಯನ್ನು ಹೊಸದಾಗಿ ಕೈಕೊಂಡಿದ್ದ ಕಾಲದಲ್ಲಿ, ಹದಿನಾಲ್ಕು ತಿಂಗಳಿನ ಒಂದು ಹೆಣ್ಣು ಕೂಸನ್ನು ಅದರ ಅಜ್ಜಿಯವರು ಸೆರಗಿನಲ್ಲಿ ಸುತ್ತಿಕೊಂಡು ತಂದರು. ತೂಕ ಐದು ಕಿಲೋ ಇರಲಿಲ್ಲ. ತೊಡೆಯ ಚರ್ಮ ಜೋಲುಬಿದ್ದು, ಮುಖವು ಮುದುಕರ ಮುಖದಂತಾಗಿತ್ತು. ತಾಯಿಯು ಕೂಲಿಗೆ ಹೋಗುವವಳು. ಕೂಸಿಗೆ ಎದೆಹಾಲು ಸಾಲದೆ, ಜೋಳದ ಅಂಬಲಿಯೊಂದೇ ಆಧಾರವಾಗಿತ್ತು. ನಾನು ಆ ಕಾಲಕ್ಕೆ ನನಗೆ ತಿಳಿದ ಮಟ್ಟಿಗೆ ಸರಿಯಾಗಿಯೇ ನಡೆದೆನು. ಅಂಬಲಿಗೆ ಬೆಲ್ಲ, ತುಪ್ಪ, ಹುರಿದ ಶೇಂಗಾದ ಪುಡಿ, ಬೇಳೆಯ ಕಟ್ಟು ಇವುಗಳನ್ನು ಕೂಡಿಸಿ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪವಾಗಿ ಉಣ್ಣಿಸಬೇಕೆಂದು ಹೇಳಿದೆನು. ಅಜ್ಜಿಯವರು ಹೇಳಿದ್ದನ್ನು ತಪ್ಪದೆ ಮಾಡಿದರು. ಕೂಸು ಬೆಳೆಯಹತ್ತಿತು, ನನಗೂ ಹೆಮ್ಮೆಯೆನಿಸಿತು.

ಮೂರು ತಿಂಗಳ ತರುವಾಯ ಅವರು ಮತ್ತೆ ಬಂದಾಗ ಕೂಸಿನ ಕೆನ್ನೆ ತುಂಬಿತ್ತು, ಆದರೆ ಅದು ನಿಲ್ಲಲೊಲ್ಲದು. ಮಣಿಕಟ್ಟುಗಳು ಕಡಗ ತೊಡಿಸಿದಂತೆ ಉಬ್ಬಿದ್ದವು. ಎದೆಯ ಎರಡೂ ಮಗ್ಗುಲಿನಲ್ಲಿ ಪಕ್ಕೆಲುಬಿನ ತುದಿಗಳು ಮಣಿಗಳನ್ನು ಪೋಣಿಸಿದ ಹಾಗೆ ಕೈಗೆ ಹತ್ತುತ್ತಿದ್ದವು. ಹಣೆ ಮುಂದೆ ಬಂದಿತ್ತು. ನೆತ್ತಿ ಇನ್ನೂ ಅಗಲವಾಗಿ ತೆರೆದೇ ಇತ್ತು. ಎಲುಬು ಮೆತ್ತಗಾಗುವ ರಿಕೆಟ್ಸ್ ಎಂಬ ರೋಗವು ನನ್ನ ಕಣ್ಣೆದುರಿಗೇ, ನಾನು ಬರೆದುಕೊಟ್ಟ ಅನ್ನದ ಮೇಲೆಯೇ ಬೆಳೆದು ನಿಂತಿತ್ತು.

ಇದು ಹೇಗಾಯಿತೆಂಬದನ್ನು ವಿವರಿಸಬೇಕು, ಏಕೆಂದರೆ ಇಲ್ಲಿಯೇ ಅನೇಕರು, ವೈದ್ಯರೂ ಕೂಡ, ಎಡವುತ್ತಾರೆ. ತೀರ ಕೃಶವಾದ ಕೂಸಿನಲ್ಲಿ ಬೆಳವಣಿಗೆಯೇ ನಿಂತಿರುವದು. ಎಲುಬು ಉದ್ದವಾಗುವದಿಲ್ಲ; ಹೊಸ ಎಲುಬಿಗೆ ಸುಣ್ಣಾಂಶ ಬೇಕೆಂದು ದೇಹವು ಕೇಳುವದೇ ಇಲ್ಲ. ಆದುದರಿಂದ ‘ಡಿ’ ಜೀವಸತ್ವದ ಅಭಾವವಿದ್ದರೂ ಅದರ ಗುರುತುಗಳು ಮರೆಯಾಗಿರುವವು. ಅನ್ನ ಬಿದ್ದ ಕೂಡಲೆ ದೇಹವು ಬೆಳೆಯತೊಡಗುವದು. ಎಲುಬಿನ ತುದಿಯಲ್ಲಿ ಮೆತ್ತಗಿನ ಮೃದ್ವಸ್ಥಿಯು ಭರದಿಂದ ಹುಟ್ಟುವದು. ಅದನ್ನು ಗಟ್ಟಿಗೊಳಿಸುವ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಬೇಕಾದರೆ ‘ಡಿ’ ಜೀವಸತ್ವ ಬೇಕು. ಅದಿಲ್ಲದಿದ್ದರೆ ಗಾರೆಯಿಲ್ಲದೆ ಗೋಡೆ ಏರಿಸಿದಂತಾಗುವದು. ಇಷ್ಟೇ ಅಲ್ಲ. ಕೃಶ ಶಿಶುಗಳಿಗೆ ಪದೇ ಪದೇ ಭೇದಿಯಾಗುವದರಿಂದ, ಕೊಬ್ಬಿನಲ್ಲಿ ಕರಗುವ ಈ ಸತ್ವವು ಕರುಳಿಗೆ ಹತ್ತುವದಿಲ್ಲ. ಹತ್ತಿದ್ದು ಯಕೃತ್ತಿನಲ್ಲಿಯೂ ಮೂತ್ರಪಿಂಡದಲ್ಲಿಯೂ ಮಾರ್ಪಾಟು ಹೊಂದಿದ ಮೇಲೆಯೇ ಕೆಲಸಕ್ಕೆ ಬರುವದು. ಆ ಮಾರ್ಪಾಟಿಗೆ ಮೆಗ್ನೀಶಿಯಂ ಬೇಕು. ಕೃಶ ದೇಹದಲ್ಲಿ ಅದೂ ಬರಿದಾಗಿರುವದು. ಹೀಗೆ ಒಂದು ಕೊರತೆಯ ಬೆನ್ನಿಗೆ ಇನ್ನೊಂದು ಕೊರತೆ ನಿಂತಿರುತ್ತದೆ. ಇಂದಿನ ದಿವಸ ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಕೊಡುವ ಸಿದ್ಧ ಆಹಾರಗಳಲ್ಲಿ ಈ ಸತ್ವಗಳನ್ನು ಮೊದಲೇ ಬೆರೆಸಿರುತ್ತಾರೆ. ನನ್ನ ಅಂಬಲಿಯಲ್ಲಿ ಅವು ಇರಲಿಲ್ಲ.

ಈ ರೋಗದ ಮೂಲವನ್ನು ಜಗತ್ತು ಕಂಡುಕೊಂಡದ್ದೂ ಹಸಿದ ಮಕ್ಕಳ ನಡುವೆಯೇ. ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ ಆಸ್ಟ್ರಿಯ ದೇಶದ ರಾಜಧಾನಿಯಾದ ವಿಯೆನ್ನಾ ನಗರವು ಹಾಲಿಲ್ಲದೆ, ಕಲ್ಲಿದ್ದಲಿಲ್ಲದೆ ತತ್ತರಿಸುತ್ತಿತ್ತು. ಅಲ್ಲಿಯ ಶಿಶುಚಿಕಿತ್ಸಾಲಯದ ಮುಖ್ಯಸ್ಥರು ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬ ಪ್ರಖ್ಯಾತ ವೈದ್ಯರು. 1919ರ ಕೊನೆಯಲ್ಲಿ ಇಂಗ್ಲಂಡದಿಂದ ಹ್ಯಾರಿಯೆಟ್ ಚಿಕ್ ಎಂಬ ವಿದುಷಿಯು ತನ್ನ ಸಹಕಾರಿಣಿಯರೊಡನೆ ಅಲ್ಲಿಗೆ ಹೋದರು. ರಿಕೆಟ್ಸ್ ರೋಗವು ಸೋಂಕಿನಿಂದ ಬರುವದೆಂದು ಪಿರ್ಕೆಯವರ ನಂಬಿಗೆ. ಆಹಾರದ ಕೊರತೆಯಿಂದ ಬರುವದೆಂದು ಬಂದವರ ಊಹೆ. ಹಾಗಿದ್ದರೂ ಪಿರ್ಕೆಯವರು ತಮ್ಮ ಚಿಕಿತ್ಸಾಲಯದಲ್ಲಿಯೇ ಪರೀಕ್ಷೆಯನ್ನು ನಡೆಯಗೊಟ್ಟರು. ತನ್ನ ಮತಕ್ಕೆ ವಿರುದ್ಧವಾದ ಪರೀಕ್ಷೆಗೆ ತನ್ನ ಮನೆಯನ್ನೇ ತೆರೆದಿಡುವ ಈ ಗುಣವು ವಿದ್ವಾಂಸರಲ್ಲಿ ಅಪರೂಪವೆಂದು ನನ್ನ ಅನುಭವ.

ಕೂಸುಗಳಲ್ಲಿ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಆಸ್ಪತ್ರೆಯ ರೂಢಿಯ ಆಹಾರ. ಇನ್ನೊಂದಕ್ಕೆ ಕೆನೆಹಾಲಿನ ಪುಡಿ ಮತ್ತು ಕಾಡ್ ಮೀನಿನ ಯಕೃತ್ತಿನ ಎಣ್ಣೆ. ಚಳಿಗಾಲವು ಬಂದಾಗ ಮೊದಲಿನ ಗುಂಪಿನಲ್ಲಿ ರೋಗವು ತಲೆದೋರಿತು, ಎಣ್ಣೆ ಕುಡಿದವರಲ್ಲಿ ತಲೆದೋರಲಿಲ್ಲ. ಇಷ್ಟಕ್ಕೇ ನಿಂತಿದ್ದರೆ ಮಾತು ಸುಲಭವಿತ್ತು. ಆದರೆ ಬೇಸಿಗೆಯಲ್ಲಿ, ಎಣ್ಣೆಯಿಲ್ಲದವರಿಗೂ ರೋಗ ಬರಲಿಲ್ಲ. ಬಯಲಿನಲ್ಲಿ ಬಿಸಿಲಿಗೆ ಮಲಗಿಸಿದ ಕೂಸುಗಳೂ, ಪಾದರಸದ ದೀಪದ ಬೆಳಕಿಗೆ ಒಡ್ಡಿದ ಕೂಸುಗಳೂ, ಎಣ್ಣೆ ಕುಡಿದವುಗಳಂತೆಯೇ ಗುಣ ಹೊಂದಿದವು. ಸುಮಾರು ಅದೇ ಕಾಲಕ್ಕೆ, 1919ರಲ್ಲಿ, ಬರ್ಲಿನ್ ನಗರದಲ್ಲಿ ಕುರ್ಟ್ ಹುಲ್ಡ್‌ಶಿನ್ಸ್ಕಿ ಎಂಬ ವೈದ್ಯರು ಇಂಥದೇ ದೀಪದಿಂದ ಮಕ್ಕಳನ್ನು ಗುಣಪಡಿಸಿದ್ದರು. ಒಂದೇ ಕೈಗೆ ಬೆಳಕು ಬಿಟ್ಟರೆ ಇನ್ನೊಂದು ಕೈಯ ಎಲುಬೂ ಗಟ್ಟಿಯಾಗುವದನ್ನು ಕ್ಷಕಿರಣದ ಚಿತ್ರದಲ್ಲಿ ಅವರು ಕಂಡಿದ್ದರು. ಅಂದ ಮೇಲೆ ಚರ್ಮದಲ್ಲಿ ಏನೋ ಹುಟ್ಟಿ ರಕ್ತದಲ್ಲಿ ಹರಿದುಹೋಗುತ್ತಿರಬೇಕು. 1922ರಲ್ಲಿ ಅಮೇರಿಕದ ಎಲ್ಮರ್ ಮೆಕಾಲಮ್ ಎಂಬವರು ಮೀನಿನ ಎಣ್ಣೆಯಲ್ಲಿಯ ಈ ಗುಣವು ‘ಎ’ ಜೀವಸತ್ವದ್ದಲ್ಲ, ಬೇರೆಯದೇ ಎಂದು ಸಿದ್ಧಪಡಿಸಿದರು. ಎ, ಬಿ, ಸಿಗಳ ಮುಂದೆ ‘ಡಿ’ ಎಂಬ ಹೆಸರು ಅದಕ್ಕೆ ಬಂದಿತು. ಇದರ ರಸಾಯನವನ್ನು ಬಿಡಿಸಿದ ಕಾರ್ಯಕ್ಕಾಗಿ ಜರ್ಮನಿಯ ಅಡಾಲ್ಫ್ ವಿಂಡಾಸರಿಗೆ 1928ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ತಾವು ಕೇಳಬಹುದು: ಅದು ಹಿಮದ ನಾಡು, ನಮ್ಮ ಬಯಲುಸೀಮೆಯ ಬಿಸಿಲಿಗೆ ಕಲ್ಲೂ ಕಾಯುವದು, ಇಲ್ಲಿ ಈ ಮಾತೇಕೆ? ಈ ಪ್ರಶ್ನೆಗೆ ಉತ್ತರವು ವಿಯೆನ್ನಾದಿಂದಲ್ಲ, ನಮ್ಮ ನೆರೆಯ ನಾಸಿಕದಿಂದ ಬಂದಿದೆ. ಆಗ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರಗಳಂತೆ ನಾಸಿಕವೂ ಮುಂಬಯಿ ಇಲಾಖೆಗೆ ಸೇರಿತ್ತು. ಅಲ್ಲಿ ಹಚಿಸನ್ ಮತ್ತು ಶಹಾ ಎಂಬ ಇಬ್ಬರು ವೈದ್ಯರು ನಡೆಸಿದ ಪರಿಶೋಧನೆಯು 1922ರಲ್ಲಿ ಪ್ರಕಟವಾಯಿತು. ಒಣ ರೊಟ್ಟಿ ತಿಂದು ಹೊಲದಲ್ಲಿ ದುಡಿಯುವ ಬಡವರ ಕೂಸುಗಳಲ್ಲಿ ಈ ರೋಗವು ಕಾಣಲಿಲ್ಲ. ಹಾಲು ತುಪ್ಪಗಳಿಗೆ ಕಡಿಮೆಯಿಲ್ಲದ, ಆದರೆ ಗೋಷಾ ಪದ್ಧತಿಯಿಂದ ತಾಯಿ ಕೂಸುಗಳನ್ನು ಒಳಗೇ ಇಟ್ಟ ಸ್ಥಿತಿವಂತರ ಮನೆಗಳಲ್ಲಿ ಅದು ತುಂಬಿತ್ತು. ಹಿಂದೂಗಳಲ್ಲಿಯೂ ಅಷ್ಟೇ, ಮುಸಲ್ಮಾನರಲ್ಲಿಯೂ ಅಷ್ಟೇ. ಬಿಸಿಲು ಊರ ಮೇಲೆ ಬಿದ್ದರೆ ಸಾಲದು, ಕೂಸಿನ ಮೈಮೇಲೆ ಬೀಳಬೇಕು. ಸೂರ್ಯನಿಗೆ ಹತ್ತಿರವಾದ ಇಥಿಯೋಪಿಯ ದೇಶದ ಆಡಿಸ್ ಅಬಾಬಾ ನಗರದಲ್ಲಿಯೂ ಹೀಗೆಯೇ ಕಂಡಿತು. 1997ರಲ್ಲಿ ಪ್ರಕಟವಾದ ಪರಿಶೋಧನೆಯಲ್ಲಿ, ನ್ಯುಮೋನಿಯದಿಂದ ಆಸ್ಪತ್ರೆ ಸೇರಿದ 500 ಮಕ್ಕಳಲ್ಲಿ 210 ಮಕ್ಕಳಿಗೆ ರಿಕೆಟ್ಸ್ ಇತ್ತು; ನ್ಯುಮೋನಿಯವಿಲ್ಲದ 500 ಮಕ್ಕಳಲ್ಲಿ 20 ಮಕ್ಕಳಿಗೆ ಮಾತ್ರ. ಪಕ್ಕೆಲುಬು ಮೆತ್ತಗಾದ ಕೂಸಿಗೆ ಕೆಮ್ಮಿ ಕಫವನ್ನು ಹೊರಹಾಕುವ ಬಲವಾದರೂ ಎಲ್ಲಿಂದ ಬರಬೇಕು?

ಈಗ ನಮ್ಮ ಮನೆಗಳಿಗೆ ಬರೋಣ. ಬಾಣಂತಿಯ ಕೋಣೆಗೆ ಕಿಟಕಿಯಿಲ್ಲ. ಇದ್ದರೆ ಅರಿವೆಯಿಂದ ಮುಚ್ಚಿರುತ್ತೇವೆ. ಕೂಸಿಗೆ ಕುಂಚಿಗೆ, ಅಂಗಿ, ಮೇಲೆ ಕೌದಿ. ದೃಷ್ಟಿಯಾಗದಿರಲೆಂದೂ, ಗಾಳಿ ಸೋಕದಿರಲೆಂದೂ ತಿಂಗಳುಗಟ್ಟಲೆ ಹೊರಗೆ ತರುವದಿಲ್ಲ. ಇದು ಪ್ರೀತಿಯಿಂದ ಮಾಡುವದೇ ಹೊರತು ಅಜ್ಞಾನವೆಂದು ಹಳಿಯುವಂಥದಲ್ಲ; ಚಳಿಯಿಂದ ಎಳೆಗೂಸನ್ನು ಕಾಯಲೇಬೇಕು. ಆದರೆ ತಾಯಿಯೂ ಬಸಿರಿನಲ್ಲಿ ಬಿಸಿಲು ಕಾಣದೆ ಇದ್ದರೆ, ಹುಟ್ಟುವ ಕೂಸಿಗೆ ಅವಳ ರಕ್ತದಿಂದ ಬರಬೇಕಾದ ಸಂಗ್ರಹವೇ ಇರುವದಿಲ್ಲ. ಎದೆಹಾಲು ಆರು ತಿಂಗಳವರೆಗೆ ಸರ್ವಶ್ರೇಷ್ಠ ಆಹಾರವೆಂಬದರಲ್ಲಿ ಸಂದೇಹವಿಲ್ಲ. ಆದರೆ ಅದರಲ್ಲಿ ‘ಡಿ’ ಜೀವಸತ್ವವು ಅತ್ಯಲ್ಪ. ಆದುದರಿಂದ ಎದೆಹಾಲನ್ನು ಬಿಡಿಸಬೇಕೆಂದು ಯಾರೂ ತಿಳಿಯಬಾರದು. ಹಾಲಿನ ಜೊತೆಗೆ ಹನಿಯನ್ನು ಕೂಡಿಸಬೇಕು, ಅಷ್ಟೇ.

ನಮ್ಮ ಹಿರಿಯರು ಕೂಸಿಗೆ ಎಳೆಬಿಸಿಲು ಕಾಯಿಸುವದುಂಟು. ಒಳ್ಳೆಯ ರೂಢಿ, ಕೂಸಿಗೆ ಹಿತವಾಗುವದು. ಆದರೆ ಸತ್ಯವನ್ನು ಹೇಳಬೇಕಾದರೆ, ಚರ್ಮದಲ್ಲಿ ‘ಡಿ’ ಜೀವಸತ್ವವನ್ನು ಹುಟ್ಟಿಸುವ ಕಿರಣಗಳು ಎಳೆಬಿಸಿಲಿನಲ್ಲಿ ಬಹಳ ಕಡಿಮೆ. ಸೂರ್ಯನು ಕೆಳಗಿರುವಾಗ ಆ ಕಿರಣಗಳು ವಾತಾವರಣದಲ್ಲಿಯೇ ಹೀರಿಹೋಗುವವು. ನಮ್ಮ ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾದಾಗ ಆ ಕಿರಣಗಳು ನೆಲಕ್ಕೆ ಸಾಕಷ್ಟು ಮುಟ್ಟುತ್ತವೆಂದು ತಿಳಿಯಬೇಕು. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲು ಮೈಯನ್ನು ಬೆಚ್ಚಗೆ ಮಾಡುವದು, ಎಲುಬಿಗೆ ಏನನ್ನೂ ಕೊಡುವದಿಲ್ಲ. ಕಪ್ಪು ಮೈಬಣ್ಣದ ನಮಗೆ ಬಿಳಿಯರಿಗಿಂತ ಹೆಚ್ಚು ಹೊತ್ತು ಬೇಕಾಗುವದು. ಹೀಗೆಂದು ನಡುಹಗಲಿನ ಚೈತ್ರದ ಬಿಸಿಲಿನಲ್ಲಿ ಹಸುಳೆಯನ್ನು ಮಲಗಿಸುವದು ಅಪಾಯವೇ ಸರಿ. ಆರು ತಿಂಗಳೊಳಗಿನ ಕೂಸಿಗೆ ಹನಿಯನ್ನೇ ನಂಬಿರಿ. ನಡೆದಾಡುವ ಮಕ್ಕಳನ್ನು ಹತ್ತು ಹನ್ನೊಂದು ಗಂಟೆಯ ಸುಮಾರಿಗೆ ಕೈಕಾಲು ಬಿಟ್ಟು ಅಂಗಳದಲ್ಲಿ ಆಡಗೊಡಿರಿ.

ಇನ್ನು ಕ್ಯಾಲ್ಸಿಯಂ. ಬಿಸಿಲಿನ ನಾಡುಗಳಲ್ಲಿ ಈ ಅರ್ಧವನ್ನು ಮರೆತರೆ ಔಷಧವೂ ಸೋಲುವದು. ನೈಜೀರಿಯ ದೇಶದಲ್ಲಿ ರಿಕೆಟ್ಸ್ ಇದ್ದ ಮಕ್ಕಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ‘ಡಿ’ ಜೀವಸತ್ವವೊಂದನ್ನೇ ಪಡೆದವರಿಗಿಂತ ಕ್ಯಾಲ್ಸಿಯಂ ಪಡೆದವರು ಬಹಳ ಚೆನ್ನಾಗಿ ಸುಧಾರಿಸಿದರು. ಅವರ ಊಟದಲ್ಲಿ ಹಾಲು ಮೊಸರುಗಳಿರಲಿಲ್ಲ. ನಮ್ಮ ಜೋಳವೂ ಈ ವಿಷಯದಲ್ಲಿ ಬಡವೇ: ನೂರು ಗ್ರಾಮಿನಲ್ಲಿ 25ರಿಂದ 30 ಮಿಲಿಗ್ರಾಮು ಕ್ಯಾಲ್ಸಿಯಂ ಮಾತ್ರ. ರಾಗಿಯಲ್ಲಿ 340ಕ್ಕೂ ಹೆಚ್ಚು. ಅದನ್ನು ಮೊಳಕೆ ಬರಿಸಿ ಬೀಸಿದರೆ ಕರುಳಿಗೆ ಇನ್ನೂ ಸುಲಭ. ಜೋಳವನ್ನು ಉಣ್ಣುವ ಸೀಮೆಯವರು ರಾಗಿಯನ್ನು ತೆಂಕಣ ಸೀಮೆಯವರ ಆಹಾರವೆಂದು ಹಗುರಾಗಿ ನೋಡುವ ಅಭ್ಯಾಸವನ್ನು ಕೂಸಿನ ಮಟ್ಟಿಗಾದರೂ ಬಿಡುವದು ಒಳ್ಳೆಯದು. ಒಂದು ಬಟ್ಟಲು ಹಾಲು ಇಲ್ಲವೆ ಮಜ್ಜಿಗೆ, ಒಂದು ಚಮಚ ಎಳ್ಳಿನ ಪುಡಿ ಇವು ಬಡವರ ಮನೆಗೂ ಬಹುಶಃ ನಿಲುಕುವಂಥವು.

ಈಗ ಆ ಅಜ್ಜಿಯವರ ಕಡೆಗೆ ತಿರುಗುವೆನು. ನನ್ನ ತಪ್ಪು ತಿಳಿದ ಮೇಲೆ ನಾನು ಹನಿಯ ಔಷಧವನ್ನು ಬರೆದುಕೊಟ್ಟೆನು. ಅವರು ಶೀಶೆಯನ್ನು ಕೈಯಲ್ಲಿ ಹಿಡಿದು, “ಇದರಾಗ ಮೀನಿನ ಎಣ್ಣಿ ಐತೇನ್ರಿ ಡಾಕ್ಟರ ಸಾಹೇಬ್ರ? ನಾವು ಲಿಂಗಾ ಕಟ್ಟಿದವರು ಅದೀವ್ರಿ” ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. “ಔಷಧಕ್ಕೆ ದೋಷವಿಲ್ಲ” ಎಂದು ಹಾರಿಸಿಬಿಡಬಹುದಿತ್ತು. ಅನೇಕರು ಹಾಗೆ ಮಾಡುತ್ತಾರೆ. ಆದರೆ ಸಂಶಯವಿದ್ದ ಮನೆಯಲ್ಲಿ ಶೀಶೆಯು ಮಾಡದಲ್ಲಿಯೇ ಉಳಿಯುವದೆಂದು ನನಗೆ ತಿಳಿದಿತ್ತು. ಎರಡು ದಿವಸ ಸಮಯ ಕೇಳಿ ಪುಸ್ತಕ ತೆಗೆದು ನೋಡಿದೆನು.

ಭಕ್ತ ಜನರಲ್ಲಿ ಅನೇಕರಿಗೆ ಈ ಸಂಶಯವಿರುವದರಿಂದ ಇಲ್ಲಿ ಬಿಚ್ಚಿ ಹೇಳುವೆನು. ಇಂದು ಪೇಟೆಯಲ್ಲಿ ದೊರೆಯುವ ‘ಡಿ-3’ ಹನಿಯು ಬಹುಮಟ್ಟಿಗೆ ಕುರಿಯ ಉಣ್ಣೆಯಿಂದ ಬರುವದು. ಉಣ್ಣೆಯನ್ನು ಕತ್ತರಿಸಿದ ಮೇಲೆ ಅದಕ್ಕೆ ಅಂಟಿದ ಜಿಡ್ಡನ್ನು ತೊಳೆದು ತೆಗೆಯುತ್ತಾರೆ. ಆ ಜಿಡ್ಡಿನಲ್ಲಿಯ ಒಂದು ವಸ್ತುವನ್ನು ಬೇರ್ಪಡಿಸಿ, ಮಾರ್ಪಡಿಸಿ, ಅದರ ಮೇಲೆ ನಮ್ಮ ಚರ್ಮದ ಮೇಲೆ ಸೂರ್ಯನು ಬಿಡುವಂಥ ಕಿರಣಗಳನ್ನೇ ಬಿಡುತ್ತಾರೆ. ಕುರಿಯ ಪ್ರಾಣಹರಣ ಇದಕ್ಕೆ ಬೇಕಾಗಿಲ್ಲ. ಕಂಬಳಿಗೆ ಬೇಕಾದದ್ದಕ್ಕಿಂತ ಹೆಚ್ಚಿನದೇನನ್ನೂ ಅದರಿಂದ ತೆಗೆದುಕೊಳ್ಳುವದಿಲ್ಲ. ಇಷ್ಟಕ್ಕೂ ಮನಸ್ಸು ಒಪ್ಪದವರಿಗೆ ಕಲ್ಲುಹೂವಿನ ಜಾತಿಯಿಂದ ತೆಗೆದ ‘ಡಿ-3’ ಇದೆ, ಅಣಬೆಯ ಕುಲದ ಯೀಸ್ಟಿನಿಂದ ಬರುವ ‘ಡಿ-2’ ಇದೆ. ನಾನು ಇದನ್ನು ಹೇಳಿದಾಗ ಅಜ್ಜಿಯವರು ತಮ್ಮ ಹೆಗಲ ಮೇಲಿನ ಕಂಬಳಿಯನ್ನು ಮುಟ್ಟಿ ನೋಡಿಕೊಂಡು, “ಹಂಗಾರ ಇದು ಹೊದ್ದೂ ಕಾಯತೈತಿ, ಕುಡದ್ರೂ ಕಾಯತೈತಿ” ಎಂದು ನಕ್ಕರು. ಹನಿ, ಹಾಲು, ರಾಗಿ ಮೂರೂ ಸೇರಿ ಆರೇಳು ತಿಂಗಳಲ್ಲಿ ಕೂಸು ಅಂಗಳದಲ್ಲಿ ಓಡಾಡಿತು. ಕಾಲಿನ ಬಾಗು ಮಾತ್ರ ಪೂರ್ಣ ನೇರವಾಗಲು ಎರಡು ವರ್ಷ ಹಿಡಿಯಿತು.

ಮಾತು ಬಂದದ್ದರಿಂದ ತತ್ತಿಯ ವಿಷಯವನ್ನೂ ಮುಟ್ಟಿ ಹೋಗುವೆನು. 2021ರ ಡಿಸೆಂಬರದಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಹಾಗೂ ವಿಜಯಪುರದ ಶಾಲೆಗಳಲ್ಲಿ ತತ್ತಿಯನ್ನೂ, ತಿನ್ನದವರಿಗೆ ಬಾಳೆಹಣ್ಣನ್ನೂ ಕೊಡಲಾರಂಭಿಸಿದಾಗ ನಮ್ಮ ಸಮಾಜದಲ್ಲಿ ಎಷ್ಟು ಚರ್ಚೆಯಾಯಿತೆಂಬದನ್ನು ತಾವೆಲ್ಲ ಬಲ್ಲಿರಿ. ಆ ಚರ್ಚೆಗೆ ನಾನು ಇಳಿಯುವದಿಲ್ಲ. ಉಣ್ಣುವವರ ತಟ್ಟೆಯನ್ನು ಕಸಿಯುವದೂ ಬೇಡ, ಒಲ್ಲದವರ ತಟ್ಟೆಗೆ ನೂಕುವದೂ ಬೇಡವೆಂಬದು ನನ್ನ ಸ್ವಂತ ಅಭಿಪ್ರಾಯ. ಆದರೆ ಪ್ರಕೃತ ವಿಷಯದ ಮಟ್ಟಿಗೆ, ಒಂದು ತತ್ತಿಯಲ್ಲಿ ಸುಮಾರು 40 ಯೂನಿಟ್ಟು ‘ಡಿ’ ಜೀವಸತ್ವವಿರುವದು. ಕೂಸಿಗೆ ದಿನಕ್ಕೆ ಬೇಕಾದದ್ದು 400. ಬಾಳೆಹಣ್ಣಿನಲ್ಲಿ ಏನೂ ಇಲ್ಲ. ತಿನ್ನುವವರ ಮಕ್ಕಳಿಗೂ ತಿನ್ನದವರ ಮಕ್ಕಳಿಗೂ ಹನಿಯು ಸಮಾನವಾಗಿಯೇ ಬೇಕು.

ದೇಶದ ಲೆಕ್ಕವನ್ನು ನೋಡಿದರೆ, 2016ರಿಂದ 2018ರವರೆಗೆ ನಡೆದ ರಾಷ್ಟ್ರೀಯ ಪೋಷಣ ಸಮೀಕ್ಷೆಯಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ನೂರಕ್ಕೆ 14 ಮಕ್ಕಳಿಗೆ ಈ ಸತ್ವದ ಕೊರತೆ ಕಂಡುಬಂದಿತು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, 19ಕ್ಕೂ ಹೆಚ್ಚು ಮಕ್ಕಳು ಎತ್ತರಕ್ಕೆ ತಕ್ಕ ತೂಕವಿಲ್ಲದವರು. ಈ ಎರಡು ಕಷ್ಟಗಳು ಒಂದೇ ಮಗುವಿನಲ್ಲಿ ಕೂಡಿದಾಗ ಏನು ಮಾಡಬೇಕೆಂಬದನ್ನು ಪಾಕಿಸ್ತಾನದ ಪಂಜಾಬಿನ ವೈದ್ಯರು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ತೀವ್ರ ಕೃಶರಾದ 185 ಮಕ್ಕಳಿಗೆಲ್ಲ ಪೌಷ್ಟಿಕ ಆಹಾರವನ್ನು ಕೊಟ್ಟು, ಸುಮಾರು ಅರ್ಧದಷ್ಟು ಮಕ್ಕಳಿಗೆ ಮಾತ್ರ ‘ಡಿ’ ಜೀವಸತ್ವದ ಎರಡು ದೊಡ್ಡ ಪ್ರಮಾಣಗಳನ್ನು ಕುಡಿಸಿದರು. ಅವರು ಮುಖ್ಯವಾಗಿ ಅಳೆಯಬೇಕೆಂದಿದ್ದ ಗುರಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಆದರೆ ಎತ್ತರಕ್ಕೆ ತಕ್ಕ ತೂಕವೂ, ಕುಳಿತು ನಿಂತು ಮಾತಾಡುವ ಬೆಳವಣಿಗೆಯೂ ಸತ್ವವನ್ನು ಪಡೆದವರಲ್ಲಿ ಮೇಲಾಗಿದ್ದವು. ಒಂದು ಪರೀಕ್ಷೆಯಿಂದ ನಿರ್ಣಯವಾಗುವದಿಲ್ಲ. ಅಂಥ ದೊಡ್ಡ ಪ್ರಮಾಣವನ್ನು ವೈದ್ಯರ ಕೈಯಲ್ಲಿಯೇ ಬಿಡತಕ್ಕದ್ದು.

ಈ ಕೊನೆಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಔಷಧದ ಅಂಗಡಿಯಲ್ಲಿ ದೊಡ್ಡವರಿಗಾಗಿ 60,000 ಯೂನಿಟ್ಟಿನ ಪುಡಿಯ ಪೊಟ್ಟಣಗಳು ದೊರೆಯುತ್ತವೆ. ವಾರಕ್ಕೊಮ್ಮೆ ಎಂದು ವೈದ್ಯರು ದೊಡ್ಡವರಿಗೆ ಬರೆದದ್ದನ್ನು ದಿನಕ್ಕೊಮ್ಮೆ ಎಂದು ತಿಳಿದು ಕೂಸಿಗೆ ಕೊಟ್ಟ ಮನೆಯನ್ನು ನಾನು ಕಂಡಿದ್ದೇನೆ. ಕೂಸಿಗೆ ವಾಂತಿ, ಮಲಬದ್ಧತೆ, ತಡೆಯಲಾರದ ನೀರಡಿಕೆ. ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ಮೂತ್ರಪಿಂಡಕ್ಕೆ ಪೆಟ್ಟು. ಬದುಕಿತು, ಆದರೆ ಹದಿನೈದು ದಿವಸ ಆಸ್ಪತ್ರೆಯಲ್ಲಿತ್ತು. ಒಂದು ಪೊಟ್ಟಣವು ಕೂಸಿನ 150 ದಿವಸಗಳ ಪಾಲೆಂಬದನ್ನು ನೆನಪಿಡಿರಿ. ಹುಟ್ಟಿದ ಕೂಸಿಗೆ ಒಂದು ವರ್ಷ ತುಂಬುವವರೆಗೆ ದಿನಕ್ಕೆ 400 ಯೂನಿಟ್ಟು ಸಾಕು. ಶೀಶೆಗಳೆಲ್ಲ ಒಂದೇ ತೆರನಾಗಿರುವದಿಲ್ಲ: ಕೆಲವದರಲ್ಲಿ ಒಂದು ಮಿಲಿಲೀಟರಿಗೆ 400, ಕೆಲವದರಲ್ಲಿ 800. ರೋಗವು ಕಾಣಿಸಿಕೊಂಡಿದ್ದರೆ ಪ್ರಮಾಣವೇ ಬೇರೆ. ಕನಿಷ್ಠ ಮೂರು ತಿಂಗಳ ಚಿಕಿತ್ಸೆಯೂ, ಜೊತೆಗೆ ಕ್ಯಾಲ್ಸಿಯಂ ಕೂಡ ಬೇಕಾಗುವವು. ಇನ್ನೊಂದು ಮಾತು: ಎಳೆಗೂಸಿಗೆ ಸೆಳೆವು ಬಂದರೆ ಬಾಲಗ್ರಹವೆಂದು ಅಂತ್ರ ಕಟ್ಟಿಸಿ ಕೂಡ್ರಬೇಡಿರಿ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗಲೂ ಸೆಳೆವು ಬರುವದು. ಆಗ ತಾಸುಗಳ ಲೆಕ್ಕದಲ್ಲಿ ಆಸ್ಪತ್ರೆಯನ್ನು ಮುಟ್ಟಬೇಕು.

ಮಹಾಪ್ರಸಾದದ ಹೊತ್ತಾಯಿತು; ಹೆಚ್ಚು ಬೆಳೆಸುವದಿಲ್ಲ. ಪ್ರಸಾದವಾದ ಮೇಲೆ ಮೂರು ಗಂಟೆಯಿಂದ ಶ್ರೀಮಠದ ಹಿಂದಿನ ಪಡಸಾಲೆಯಲ್ಲಿ ತಕ್ಕಡಿ ಮತ್ತು ಅಳತೆಯ ಪಟ್ಟಿಯೊಡನೆ ನಾವು ನಾಲ್ವರು ವೈದ್ಯರು ಕುಳಿತಿರುತ್ತೇವೆ. ಐದು ವರ್ಷದೊಳಗಿನ ಮಕ್ಕಳನ್ನು ಕರೆತರಿರಿ. ಹದಿನೆಂಟು ತಿಂಗಳಾದರೂ ನೆತ್ತಿ ಕೂಡದ, ನಡೆಯದ, ಮಣಿಕಟ್ಟು ದಪ್ಪವಾದ ಕೂಸುಗಳಿದ್ದರೆ ಅವನ್ನು ಮೊದಲು ತರಿರಿ. ಮನೆಯಲ್ಲಿ ಹನಿಯ ಶೀಶೆಯಿದ್ದವರು ಅದನ್ನೂ ಮರೆಯದೆ ತರಬೇಕು. ಅದರ ಮೇಲೆ ಎಷ್ಟು ಯೂನಿಟ್ಟೆಂದು ಬರೆದಿದೆಯೋ ಕೂಡಿ ಓದಿ ನೋಡೋಣ.